ಮೂರು ನೀರಿನ ಕಳಲೆ

"ಎಷ್ಟ ಆತು?" ಎಂದು ಅವ್ವ ಆ ಎರಡು ದಿನಗಳಲ್ಲಿ ನನ್ನನ್ನು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ನಾನು ಒಂದು ಸೊನ್ನೆ ಕಡಿಮೆ ಮಾಡಿ ಹೇಳಿದೆ.

ಕ್ಯೋಟೋದ ಅರಶಿಯಾಮಾದಲ್ಲಿ, ಹೊಳೆಯ ದಂಡೆಯ ಮೇಲೆ, ಒಂದೇ ಕುಟುಂಬಕ್ಕೆ ಬಿಟ್ಟುಕೊಡುವ ಮರದ ಮನೆಯೊಂದರಲ್ಲಿ ನಾವಿಬ್ಬರೂ ಎರಡು ರಾತ್ರಿ ಇದ್ದೆವು. ಮನೆಗೆ ಅಂಟಿದ ಅಡುಗೆಮನೆ, ಅಲ್ಲಿಂದ ಹಂಗಾಮಿಗೆ ತಕ್ಕ ಊಟ ನಮ್ಮ ಕೋಣೆಗೇ ಬರುತ್ತದೆ. ನಗೋಯಾ ಹತ್ತಿರದ ಕಾರ್ಖಾನೆಯೊಂದರಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಇಂಥ ಕಡೆ ಉಳಿಯುವ ಯೋಚನೆಯೇ ನನಗೆ ಬಂದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಮೊದಲ ಸಲ ನನ್ನ ಹತ್ತಿರ ಬರುತ್ತೇನೆ ಎಂದಾಗ ಬಂತು.

ನಮ್ಮದು ಮಚ್ಛೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿದೆ. ಹೊರಗಿನವರಿಗೆ ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿಳಾಸವಾಗಿ ಗೊತ್ತು. ನಮಗೆ ಮಾತ್ರ ಅದು ಕಾರ್ಖಾನೆಗಳ ಊರು. ಅಪ್ಪ ಅಲ್ಲಿನ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಅಚ್ಚಿಗೆ ಸುರಿಯುವ ಕೆಲಸದಲ್ಲಿದ್ದರು. ರಜೆ ಇದ್ದ ಭಾನುವಾರ ನಮ್ಮನ್ನೆಲ್ಲ ಸ್ಕೂಟರಿನ ಮೇಲೆ ಪೇರಿಸಿಕೊಂಡು ಖಾನಾಪುರ ದಾಟಿ ಅಸೋಗಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮಲಪ್ರಭೆಯಲ್ಲಿ ಕಾಲು ಇಳಿಬಿಟ್ಟು ಕೂತಾಗಲೆಲ್ಲ ಒಂದೇ ಮಾತು: "ರಿಟೈರ್ ಆದ ಮ್ಯಾಲ ಹೊಳೀ ದಂಡ್ಯಾಗ ಒಂದ ಸಣ್ಣ ಮನಿ ಕಟ್ಟತೀನಿ." ದಿನವಿಡೀ ಕುಲುಮೆಯ ಮುಂದೆ ನಿಲ್ಲುವವರಿಗೆ ನೀರಿನ ಪಕ್ಕದ ಮನೆ ಅಂದರೆ ಏನು ಅನ್ನುವುದು ನನಗೆ ಆಗ ಅರ್ಥವಾಗುತ್ತಿರಲಿಲ್ಲ. ನಿವೃತ್ತಿಯಾದರು, ಮನೆ ಆಗಲಿಲ್ಲ, ಎರಡು ವರ್ಷದ ಹಿಂದೆ ಹೋಗಿಬಿಟ್ಟರು. ಅವ್ವನನ್ನು ಎರಡು ದಿನವಾದರೂ ಹೊಳೆಯ ದಂಡೆಯ ಮನೆಯಲ್ಲಿ ಕೂರಿಸಬೇಕು ಅನ್ನುವುದು ನನ್ನ ಹಟವಾಗಿತ್ತು.

ಅವ್ವನಿಗೆ ಹೊಳೆಯ ಬಗ್ಗೆ ಇಂಥ ಕನಸುಗಳಿರಲಿಲ್ಲ. ಅವಳು ಹುಟ್ಟಿದ್ದೇ ಹೊಳೆಯ ದಂಡೆಯ ಮನೆಯಲ್ಲಿ. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅವ್ವನ ತವರು ಜಾಂಬೋಟಿ ಕಡೆಯ ಒಂದು ಹಳ್ಳಿ. ಅಲ್ಲಿ ಹೊಳೆ ಇನ್ನೂ ಎಳೆಯದು, ಬೇಸಿಗೆಯಲ್ಲಿ ಮಕ್ಕಳೂ ದಾಟಬಹುದು. ಮಳೆಗಾಲದಲ್ಲಿ ಮಾತ್ರ ಅದರ ಗುಣವೇ ಬೇರೆ. 2019ರ ಆಗಸ್ಟಿನ ಪ್ರವಾಹದಲ್ಲಿ ಅಜ್ಜಿಯ ಮನೆಯ ಹಿಂದಿನ ಗೋಡೆ ಕುಸಿದು, ಉಳಿದದ್ದನ್ನೂ ಮಾವಂದಿರು ಬಿಟ್ಟುಬಿಟ್ಟರು. ಹಾಗಾಗಿ ನಾನು ಫೋನಿನಲ್ಲಿ ಉತ್ಸಾಹದಿಂದ "ಹೊಳಿ ಪಕ್ಕದಾಗ ಮನಿ ಅವ್ವಾ" ಎಂದಾಗ ಅವಳ ಮೊದಲ ಪ್ರಶ್ನೆ, "ಮಳಿಗಾಲ ಅಲ್ಲ ಹೌದಿಲ್ಲೋ?"

ಮಳೆಗಾಲವಲ್ಲ, ಏಪ್ರಿಲ್ ತಿಂಗಳ ಮಧ್ಯ. ನಗೋಯಾದಿಂದ ಕ್ಯೋಟೋಗೆ ಶಿಂಕಾನ್ಸೆನ್ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಅಲ್ಲಿಂದ ಲೋಕಲ್ ರೈಲು ಹಿಡಿದು ಅರಶಿಯಾಮಾದಲ್ಲಿ ಇಳಿದಾಗ ಚೆರ್ರಿ ಹೂವು ಹೆಚ್ಚುಕಡಿಮೆ ಉದುರಿ ಮುಗಿದಿತ್ತು. ತೊಗೆತ್ಸುಕ್ಯೋ, ಅಂದರೆ ಚಂದ್ರ ದಾಟುವ ಸೇತುವೆ, ಅದರ ಮೇಲೆ ನಿಂತು ಅವ್ವ ಕೆಳಗೆ ನೋಡಿದಳು. ಈ ಹೊಳೆಗೆ ಮೇಲ್ಭಾಗದಲ್ಲಿ ಹೊಝು ಎಂದು ಹೆಸರು, ಇಲ್ಲಿ ಓಯಿ, ಸೇತುವೆಯಿಂದ ಕೆಳಗೆ ಕತ್ಸುರಾ. "ಒಂದ ಹೊಳಿಗೆ ಮೂರ ಹೆಸರ? ಹೆಣ್ಮಗಳ ಗತಿನ ಆತಲ್ಲ ಇದರದೂ, ಊರಿಗೊಂದ ಹೆಸರು" ಎಂದಳು.

ಮನೆಗೆ ತಲುಪಿದಾಗ ಬಾಗಿಲಲ್ಲಿ ಕಿಮೋನೊ ಉಟ್ಟ ಹೆಂಗಸೊಬ್ಬರು ನಿಂತಿದ್ದರು. ಹೆಚ್ಚುಕಡಿಮೆ ಅವ್ವನದೇ ವಯಸ್ಸು. ನಮ್ಮ ಊಟೋಪಚಾರವೆಲ್ಲ ಅವರದೇ ಜವಾಬ್ದಾರಿ. ಒಳಗೆ ಹುಲ್ಲಿನ ಚಾಪೆ ಹಾಸಿದ ಕೋಣೆ, ಹಿನೊಕಿ ಮರದ ಸ್ನಾನದ ತೊಟ್ಟಿ, ಒಂದು ಗೋಡೆಯಷ್ಟು ಅಗಲದ ಕಿಟಕಿ. ಅದರಾಚೆ ಹಸಿರು ನೀರು. ಅವರು ಚಹಾ ತಂದು, ಚಾಪೆಯ ಮೇಲೆ ಮಂಡಿಯೂರಿ, ತಲೆಬಾಗಿ ಬಟ್ಟಲು ಇಟ್ಟರು. ಅವ್ವ ಗಡಬಡಿಸಿ ಎದ್ದು ನಿಂತಳು. ಅವರು ಮತ್ತೆ ಬಾಗಿದರು. ಅವ್ವನೂ ಬಾಗಿದಳು. ಇಬ್ಬರಲ್ಲಿ ಯಾರು ಮೊದಲು ನಿಲ್ಲಿಸಬೇಕು ಎಂದು ಗೊತ್ತಾಗದೆ ಸ್ವಲ್ಪ ಹೊತ್ತು ಹಾಗೇ ನಡೆಯಿತು.

"ನನ್ನ ವಾರಗಿ ಹೆಣ್ಮಗಳು ನನ್ನ ಮುಂದ ಮಣಕಾಲೂರಿ ಕುಂದರೂದಂದ್ರ ಏನ? ನನಗ ಚಂದ ಅನಸಂಗಿಲ್ಲ" ಎಂದಳು ಅವರು ಹೋದ ಮೇಲೆ.

"ಅವ್ವಾ, ಅದು ಇಲ್ಲಿಯ ಪದ್ಧತಿ. ನೀ ಸುಮ್ನ ಕುಂದರು."

ಸುಮ್ಮನೆ ಕೂರುವುದು ಅವಳಿಗೆ ಬರುವುದಿಲ್ಲ. ಚೀಲ ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಂದೊಂದಾಗಿ ಹೊರಬಂದವು. ಚಾಪೆಯ ಮೇಲೆ ಎಣ್ಣೆಯ ಕಲೆಯಾದರೆ, ವಾಸನೆ ಬಂದರೆ ಎಂದು ನಾನು ಎಲ್ಲವನ್ನೂ ತಿರುಗಿ ಚೀಲಕ್ಕೆ ತುರುಕಿದೆ. ಅವ್ವ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ಒಳಗೊಳಗೇ ಕಸಿವಿಸಿ.

ಊಟದ ವಿಷಯ ನಾನು ಎರಡು ವಾರ ಮೊದಲೇ ಬರೆದು ತಿಳಿಸಿದ್ದೆ. ನಾವು ಲಿಂಗಾಯತರು, ಅವ್ವ ಮೀನು, ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಜಪಾನಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಇಲ್ಲಿನ ಅಡುಗೆಯ ಬೇರು ದಾಶಿ ಎಂಬ ತಿಳಿಸಾರು. ಅದನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲ ಸೊಪ್ಪು ಮತ್ತು ಒಣಗಿಸಿ ಹೆರೆದ ಬೊನಿಟೊ ಮೀನಿನಿಂದ ತೆಗೆಯುತ್ತಾರೆ. ಮೇಲೆ ನೋಡಿದರೆ ಬರೀ ತರಕಾರಿ, ಒಳಗೆ ಮೀನಿನ ರಸ. ಅವರ ಕಡೆಯಿಂದ ಮೂರು ಸಲ ಪ್ರಶ್ನೆಗಳು ಬಂದವು. ದಾಶಿಯಲ್ಲಿ ಮೀನು ಇರಬಹುದೇ? ಬೇಡ. ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತದೆಯೇ? ನಡೆಯುತ್ತದೆ. ಬೌದ್ಧ ಮಠಗಳ ಶೋಜಿನ್ ಅಡುಗೆಯ ರೀತಿಯಲ್ಲಿ ಕೊಂಬು ಮತ್ತು ಒಣ ಶೀತಾಕೆ ಅಣಬೆಯ ಸಾರು ತೆಗೆದು ಎಲ್ಲವನ್ನೂ ಅದರಲ್ಲೇ ಮಾಡುತ್ತೇವೆ ಎಂದು ಕೊನೆಗೆ ಬರೆದರು.

ಇಂಥ ಊಟಕ್ಕೆ ಕೈಸೆಕಿ ಎನ್ನುತ್ತಾರೆ. ಒಂದೇ ಉಚ್ಚಾರಕ್ಕೆ ಎರಡು ಬರಹ. ಒಂದರ ಅರ್ಥ ಜನ ಕೂಡಿ ಉಣ್ಣುವುದು. ಇನ್ನೊಂದು ಚಹಾದ ವಿಧಿಗೆ ಮೊದಲು ಬಡಿಸುವ ಮಿತವಾದ ಊಟ, ಅದನ್ನು ಮಡಿಲು ಮತ್ತು ಕಲ್ಲು ಎಂಬ ಎರಡು ಅಕ್ಷರಗಳಿಂದ ಬರೆಯುತ್ತಾರೆ. ಹಸಿವು ತಡೆಯಲು ಸನ್ಯಾಸಿಗಳು ಬಿಸಿ ಮಾಡಿದ ಕಲ್ಲನ್ನು ನಿಲುವಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಳ್ಳುತ್ತಿದ್ದರಂತೆ, ಅದರಿಂದ ಬಂದ ಹೆಸರು ಎಂದು ಕಥೆ.

ಸಂಜೆ ಆರೂವರೆಗೆ ಊಟ ಶುರುವಾಯಿತು. ಒಂದು ತಟ್ಟೆ ಬರುತ್ತದೆ, ಮೂರು ತುತ್ತು ಇರುತ್ತದೆ, ಅದು ಹೋದ ಮೇಲೆ ಇನ್ನೊಂದು. ಎಳ್ಳಿನ ತೋಫು. ಹಸ್ಸುನ್ ಎಂಬ ಚೌಕದ ಹಲಗೆಯ ಮೇಲೆ ವಸಂತದ ಕಾಡುಸೊಪ್ಪುಗಳು, ಅವರೆ ಜಾತಿಯ ಕಾಳು, ಉದುರಿದ ಚೆರ್ರಿ ಪಕಳೆಯ ಉಪ್ಪಿನಕಾಯಿ. ಪ್ರತಿ ತಟ್ಟೆಗೂ ಅವ್ವ ನನ್ನ ಕಿವಿಯಲ್ಲಿ, "ಇದರಾಗ ಮೀನ ಇಲ್ಲ ಹೌದಿಲ್ಲೋ?" ಕೇಳಿ, ಇಲ್ಲ ಎಂದ ಮೇಲೆ ಬಾಯಿಗಿಡುತ್ತಿದ್ದಳು. "ಚಲೋ ಐತಿ" ಅನ್ನುತ್ತಿದ್ದಳು, ನೆಂಟರ ಮನೆಯಲ್ಲಿ ಅನ್ನುವ ಹಾಗೆ.

ನಾಲ್ಕನೆಯದೋ ಐದನೆಯದೋ ಒಂದು ಮುಚ್ಚಳದ ಬಟ್ಟಲು. ಆ ಹೆಂಗಸು ಮುಚ್ಚಳ ತೆಗೆದರು. ತಿಳಿಸಾರಿನಲ್ಲಿ ಉದ್ದಕ್ಕೆ ಸೀಳಿದ, ದಂತದ ಬಣ್ಣದ ತುಂಡುಗಳು, ಪಕ್ಕದಲ್ಲಿ ಕಡಲ ಸೊಪ್ಪು, ಮೇಲೊಂದು ಪುಟ್ಟ ಎಳೆ ಎಲೆ. ಅವ್ವ ಬಗ್ಗಿ ನೋಡಿದಳು. ತುಂಡಿನೊಳಗಿನ ಅಡ್ಡ ಗೆರೆಗಳನ್ನು, ಸಣ್ಣ ಸಣ್ಣ ಕೋಣೆಗಳನ್ನು ಕಡ್ಡಿಯ ತುದಿಯಿಂದ ಮುಟ್ಟಿದಳು.

"ಯವ್ವಾ, ಇದು ಕಳಲಿ ಅಲ್ಲೇನ?"

ಹೌದು. ತಕೆನೊಕೊ, ಬಿದಿರಿನ ಮೊಳಕೆ. ಕ್ಯೋಟೋದ ಪಶ್ಚಿಮದ ಬೆಟ್ಟದ ಸಾಲು ಅದಕ್ಕೆ ಹೆಸರುವಾಸಿ, ಅದರ ಒಳ್ಳೆಯ ಕಾಲ ಏಪ್ರಿಲ್. ಅವ್ವ ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. ಆಮೇಲೆ ಆ ಎಲೆಯನ್ನು ಎತ್ತಿ ಬೆರಳಲ್ಲಿ ಹೊಸಕಿ ಮೂಸಿದಳು, ನಾಲಗೆಯ ಮೇಲಿಟ್ಟಳು. ಮುಖ ಒಮ್ಮೆಲೆ ಅರಳಿತು. "ತಿರಫಳ! ನಾಲಗಿ ಜುಮ್ ಅಂತೈತಿ ನೋಡ!"

ಅದು ಸಾನ್ಶೋ ಗಿಡದ ಚಿಗುರು. ನಮ್ಮ ಗೋವಾ ಗಡಿಯ ಕಡೆ ಬಳಸುವ, ಶಿರಸಿಯವರು ಜುಮ್ಮನಕಾಯಿ ಎನ್ನುವ ತಿರಫಳ ಮತ್ತು ಈ ಸಾನ್ಶೋ ಎರಡೂ ಒಂದೇ ಕುಲದವು. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಜಾಂಥಾಕ್ಸೈಲಮ್ ಎಂದೇ ಮೊದಲ ಹೆಸರು. ಇದನ್ನು ನಾನು ಆಮೇಲೆ ಓದಿ ತಿಳಿದೆ. ಅವ್ವನ ನಾಲಗೆ ಅಲ್ಲೇ ಹೇಳಿತ್ತು.

ಆಮೇಲೆ ಅವ್ವ ನನ್ನನ್ನು ದುಭಾಷಿಯಾಗಿ ಕೂರಿಸಿಕೊಂಡಳು. "ಕೇಳ ಆಕೀನ, ಎಷ್ಟ ದಿನ ನೀರಾಗ ಇಡತಾರ?" ಆ ಹೆಂಗಸಿಗೆ ಆಶ್ಚರ್ಯ. ನೀರಿನಲ್ಲಿ ದಿನಗಟ್ಟಲೆ ಇಡುವುದಿಲ್ಲ ಎಂದರು. ಮೊಳಕೆಯ ತುದಿ ಮಣ್ಣಿನಿಂದ ಹೊರಗೆ ಕಾಣುವ ಮೊದಲೇ, ನೆಲದ ಬಿರುಕು ನೋಡಿ ಅಗೆಯುತ್ತಾರೆ. ಅಗೆದ ಹೊತ್ತಿನಿಂದಲೇ ಕಹಿ ಏರುತ್ತ ಹೋಗುತ್ತದೆ, ಆದ್ದರಿಂದ ಅದೇ ದಿನ ಅಕ್ಕಿ ತವಡು, ಒಣಮೆಣಸಿನಕಾಯಿ ಹಾಕಿ ಸಿಪ್ಪೆಸಮೇತ ಬೇಯಿಸಬೇಕು, ಅದೇ ನೀರಿನಲ್ಲೇ ಆರಲು ಬಿಡಬೇಕು. ಅವ್ವ ತಲೆಯಾಡಿಸಿದಳು. "ನಮ್ಮಲ್ಲೆ ಹಂಗಲ್ಲ. ಹೆಚ್ಚಿ ಮೂರ ದಿನ ನೀರಾಗ ಇಡಬೇಕ. ದಿನಾ ನೀರ ಬದಲಿ ಮಾಡಬೇಕ. ಮೂರ ನೀರ ಹೋಗಲಿಲ್ಲಂದ್ರ ಅದು ವಿಷ." ನಾನು ಅನುವಾದಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ಮೂರು ಬೆರಳು ಎತ್ತಿ, "ಮೂರು ನೀರು" ಎಂದು ಜಪಾನಿ ಭಾಷೆಯಲ್ಲಿ ಹೇಳಿದರು. ಅವ್ವನೂ ಮೂರು ಬೆರಳು ಎತ್ತಿದಳು.

ಕಾಲದ ಲೆಕ್ಕದ ಮಾತೂ ಬಂತು. ಜಪಾನಿನ ಹಳೆಯ ಪಂಚಾಂಗದಲ್ಲಿ ವರ್ಷಕ್ಕೆ 72 ಸಣ್ಣ ಋತುಗಳು, ಐದೈದು ದಿನಕ್ಕೊಂದು. ಬಿದಿರು ಮೊಳೆಯುವುದಕ್ಕೆಂದೇ ಮೇ ತಿಂಗಳಲ್ಲಿ ಒಂದು. ಅವ್ವ ಬಿಡುತ್ತಾಳೆಯೇ? ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆಗಳನ್ನು ಬೆರಳ ಮೇಲೆ ಎಣಿಸಿ, ಪುನರ್ವಸು, ಪುಷ್ಯಕ್ಕೆ ಬಂದು ನಿಂತಳು. "ಕಳಲಿ ಅಂದ್ರ ಈ ಎರಡ ಮಳ್ಯಾಗ. ಆಮ್ಯಾಲ ಅದು ಬಿದರ ಆಗತೈತಿ." ಹೋಗುವ ಮೊದಲು ಅವ್ವ ಇನ್ನೊಂದು ಕೇಳಿದಳು: "ಈ ಹೊಳಿ ಉಕ್ಕತೈತೇನ?" ಅವರು 2013ರ ಸೆಪ್ಟೆಂಬರ್ ಚಂಡಮಾರುತದ ಕಥೆ ಹೇಳಿದರು. ಸೇತುವೆಯ ಮೇಲೇ ನೀರು ಹರಿಯಿತು, ದಂಡೆಯ ಹೋಟೆಲುಗಳಿಗೆಲ್ಲ ನೀರು ನುಗ್ಗಿತು. ಅವ್ವ ತನ್ನ ತವರಿನ ಗೋಡೆಯ ಕಥೆ ಹೇಳಿದಳು. ಇದನ್ನು ಅನುವಾದಿಸಲು ನನಗೆ ಹೆಚ್ಚು ಶಬ್ದ ಬೇಕಾಗಲಿಲ್ಲ. ಅವ್ವ ಕೈಯಿಂದ ನೀರಿನ ಎತ್ತರ ತೋರಿಸಿದ್ದೇ ಸಾಕಾಯಿತು.

ನನಗೆ ಮಾತ್ರ ಆ ಕಳಲೆ ಗಂಟಲಲ್ಲಿ ಸರಿಯಾಗಿ ಇಳಿಯಲಿಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ಮಚ್ಛೆಯ ಶಾಲೆಗೆ ಅವ್ವ ಒಮ್ಮೆ ಕಳಲೆ ಪಲ್ಯ ಕಟ್ಟಿಕೊಟ್ಟಿದ್ದಳು. ಡಬ್ಬಿ ತೆಗೆದ ಕೂಡಲೇ ಹುಳಿ ವಾಸನೆ. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಳು, ಯಾರೋ "ಅಡವ್ಯಾಗಿನವರು" ಎಂದು ನಕ್ಕರು. ಮನೆಗೆ ಬಂದು ನಾನು ಡಬ್ಬಿ ಎಸೆದು ಅತ್ತಿದ್ದೆ. ಆಮೇಲೆ ನಮ್ಮ ಮನೆಯಲ್ಲಿ ಕಳಲೆ ಮಾಡಿದ್ದು ನಾನು ನೋಡಲಿಲ್ಲ. ಈಗ ಅದೇ ಅಡವಿಯ ತಿನಿಸನ್ನು ಮೆರುಗೆಣ್ಣೆಯ ಬಟ್ಟಲಿನಲ್ಲಿ, ಹೊಳೆ ಕಾಣುವ ಕಿಟಕಿಯ ಪಕ್ಕ, ಅವ್ವನಿಗೆ ಹೇಳಲಾಗದಷ್ಟು ದುಡ್ಡು ಕೊಟ್ಟು ತಿನ್ನಿಸುತ್ತಿದ್ದೆ. ಸಂಜೆಯಷ್ಟೇ ಅವಳ ಚಟ್ನಿಯ ಡಬ್ಬಿಯನ್ನು ಚೀಲಕ್ಕೆ ತುರುಕಿದವಳೂ ನಾನೇ.

ರಾತ್ರಿ ದೀಪ ಆರಿಸಿ ಚಾಪೆಯ ಮೇಲಿನ ಹಾಸಿಗೆಯಲ್ಲಿ ಮಲಗಿದಾಗ ಅವ್ವನಿಗೆ ಕೈಸೆಕಿಯ ಬಿಸಿ ಕಲ್ಲಿನ ಕಥೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರದು ಬಿಸಿ ಕಲ್ಲು. ನಮ್ಮದು ತಣ್ಣೀರ ಬಟ್ಟಿ" ಎಂದಳು. ಆಮೇಲೆ ಕತ್ತಲಲ್ಲೇ, ಇಷ್ಟು ವರ್ಷ ಹೇಳದ ಒಂದು ಮಾತು ಹೇಳಿದಳು.

ಅವಳಿಗೆ ಆಗ ಹತ್ತೋ ಹನ್ನೊಂದೋ. ಪುಷ್ಯ ಮಳೆ. ಮನೆಯಲ್ಲಿ ಅಕ್ಕಿ ತೀರಿತ್ತು. ಅಜ್ಜಿ ಕಾಡಿನಿಂದ ಕಳಲೆ ತಂದು ಹೆಚ್ಚಿ ನೀರಿನಲ್ಲಿ ಹಾಕಿ, ಅಕ್ಕಿ ಕಡ ತರುತ್ತೇನೆಂದು ಆಚೆ ದಂಡೆಗೆ ಹೋದಳು. ಹೊಳೆ ಏರಿತು. ಅಜ್ಜಿ ಆಚೆಗೇ ಉಳಿದಳು. ಮನೆಯಲ್ಲಿ ಅವ್ವ ಮತ್ತು ಇಬ್ಬರು ತಮ್ಮಂದಿರು. ಮಾರನೆಯ ಸಂಜೆಯ ಹೊತ್ತಿಗೆ ಸಣ್ಣವನು ಅತ್ತು ಅತ್ತು ಸುಸ್ತಾದ. ಗಡಿಗೆಯಲ್ಲಿದ್ದ ಕಳಲೆಗೆ ಒಂದೇ ನೀರು ಹೋಗಿತ್ತು. ಅವ್ವ ಅದನ್ನೇ ಬೇಯಿಸಿ ಉಪ್ಪು ಹಾಕಿ ಕೊಟ್ಟಳು. ರಾತ್ರಿಯೆಲ್ಲ ಸಣ್ಣ ಮಾವ ವಾಂತಿ ಮಾಡಿಕೊಂಡ. ಕೈಕಾಲು ತಣ್ಣಗಾದವು. ಪಕ್ಕದ ಮನೆಯ ಮರಾಠಿ ಕಾಕೂ ಬಂದು ಅವನನ್ನು ಒಲೆಯ ಮುಂದೆ ತೊಡೆಯ ಮೇಲೆ ಹಾಕಿಕೊಂಡು ಬೆಳಗಿನವರೆಗೆ ಕೂತಳು. ಬದುಕಿದ. ಈಗ ಖಾನಾಪುರದಲ್ಲಿ ಟೆಂಪೋ ಓಡಿಸುವ, ಮದುವೆಗಳಲ್ಲಿ ಎಲ್ಲರನ್ನೂ ನಗಿಸುವ ಮಾವ ಅವನೇ.

"ಮೂರ ನೀರ ಅಂತ ನನಗ ಗೊತ್ತಿತ್ತು ಯವ್ವಾ. ಆದ್ರ ಹಸದ ಹುಡುಗರ ಮುಂದ ಮೂರ ದಿನ ಹೆಂಗ ಕಾಯ್ತಿ? ಕಾಯಾಕ ಹೊಟ್ಟಿ ತುಂಬಿರಬೇಕ."

ನಾನು ಡಬ್ಬಿ ಎಸೆದ ದಿನ ಅವಳಿಗೆ ಸಿಟ್ಟು ಬಂದಿರಲಿಲ್ಲವಂತೆ. ನನ್ನ ಮಗಳಿಗೆ ಕಳಲೆ ಬೇಡ ಅನ್ನುವಷ್ಟು ಹೊಟ್ಟೆ ತುಂಬಿದೆ ಎಂದು ಸಮಾಧಾನವೇ ಆಗಿತ್ತಂತೆ. ನಾನು ಏನೂ ಹೇಳದೆ ಅವಳ ಕೈ ಹಿಡಿದುಕೊಂಡೆ. ಹೊರಗೆ ಹೊಳೆಯ ಸದ್ದು ಇದ್ದೇ ಇತ್ತು.

ಹಂಗಾಮಿನ ಊಟ ಎಂದು ನಾವು ಈಗ ದೊಡ್ಡ ಮಾತಾಗಿ ಆಡುತ್ತೇವೆ. ಜಪಾನಿಯಲ್ಲಿ ಅದಕ್ಕೆ ಶುನ್ ಎಂಬ ಚಂದದ ಪದವಿದೆ, ಒಂದು ಪದಾರ್ಥ ತನ್ನ ಅತ್ಯುತ್ತಮ ರುಚಿಯಲ್ಲಿರುವ ಆ ಕೆಲವು ದಿನಗಳು. ಅವ್ವನ ತವರಿನಲ್ಲೂ ಹಂಗಾಮಿನದೇ ಊಟ, ಬೇರೆ ಏನೂ ಇರಲಿಲ್ಲ ಎಂಬ ಕಾರಣಕ್ಕೆ. ಎರಡೂ ಕಡೆ ಅದೇ ಬಿದಿರು, ಅದೇ ಕಹಿ, ಕಹಿ ಕಳೆಯಲು ಕಂಡುಕೊಂಡ ಅಷ್ಟೇ ಜಾಣ್ಮೆಯ ದಾರಿ. ನಾನು ದುಡ್ಡು ಕೊಟ್ಟು ಕೊಂಡದ್ದು ರುಚಿಯನ್ನಲ್ಲ, ಹೆದರಿಕೆಯಿಲ್ಲದೆ ಕಾಯುವ ಸೌಕರ್ಯವನ್ನು ಎಂದು ಆ ರಾತ್ರಿ ಅನಿಸಿತು.

ಬೆಳಿಗ್ಗೆ ಐದಕ್ಕೇ ಅವ್ವ ಎದ್ದು, ಮರದ ತೊಟ್ಟಿಯ ನೀರಿನಲ್ಲಿ ಮಿಂದು, ಹೊಳೆಯ ಕಡೆಯ ಜಗಲಿಯಲ್ಲಿ ಲಿಂಗಪೂಜೆಗೆ ಕೂತಳು. ಎಡಗೈಯಲ್ಲಿ ಇಷ್ಟಲಿಂಗ, ಹಣೆಗೆ ವಿಭೂತಿ. ಕಣ್ಣು ಬಿಟ್ಟಾಗ ನಾನು ಕಂಡದ್ದು ಅದಲ್ಲದೆ ಇನ್ನೊಂದು ಚಿತ್ರ: ಸರಿಸುವ ಬಾಗಿಲಿನ ಆಚೆ, ನಾಷ್ಟಾದ ತಟ್ಟೆಗಳನ್ನು ಪಕ್ಕಕ್ಕಿಟ್ಟು, ಆ ಹೆಂಗಸು ಮಂಡಿಯೂರಿ ಕೂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ಒಳಗೆ ಬರಲಿಲ್ಲ, ಕರೆಯಲಿಲ್ಲ. ಅವ್ವ ಪೂಜೆ ಮುಗಿಸಿ ತಿರುಗಿದ ಮೇಲಷ್ಟೇ ತಲೆಬಾಗಿದರು. ಈ ಸಲ ಅವ್ವ ಗಡಬಡಿಸಿ ಏಳಲಿಲ್ಲ. ಚೀಲದಿಂದ ತಾನೇ ಡಬ್ಬಿ ತೆಗೆದು, ಒಂದು ಕಡಕ್ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಹಾಕಿ, "ತಗೋರಿ ಅಕ್ಕಾರ" ಎಂದು ಕೊಟ್ಟಳು. ನಾನು ತಡೆಯಲಿಲ್ಲ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಳಗೆ ಹೋಗಿ ತಿಂದಿರಬೇಕು. ಮಧ್ಯಾಹ್ನ ಬಂದು, ಎಳ್ಳಿನ ಹಾಗಿದೆ, ಎಳ್ಳಲ್ಲ, ಏನಿದು ಎಂದು ಕೇಳಿದರು. ಗುರೆಳ್ಳಿಗೆ ಜಪಾನಿಯಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಉಳಿದ ಚಟ್ನಿಯನ್ನು ಡಬ್ಬಿಸಮೇತ ಅವ್ವ ಅವರಿಗೇ ಬಿಟ್ಟು ಬಂದಳು.

ವಾಪಸ್ಸು ನಗೋಯಾಗೆ ಬರುವಾಗ ರೈಲಿನಲ್ಲಿ ಅವ್ವ ಕಿಟಕಿಯಾಚೆ ನೋಡುತ್ತ, "ನಿಮ್ಮಪ್ಪನ ಕಡೀ ಪಗಾರ ಲೆಕ್ಕಾ ಹಾಕಿದ್ರ ಆರ ತಿಂಗಳದ ಆತು" ಎಂದಳು.

"ಏನು?"

"ಬಿಲ್ಲ. ತಾಟಿನ್ಯಾಗ ಇಟ್ಟ ಕೊಟ್ಟರಲ್ಲ. ಅಂಕಿ ಎಲ್ಲಾ ದೇಶದಾಗೂ ಒಂದ ಇರ್ತಾವ." ಮಹಿಳಾ ಸಂಘದ ಲೆಕ್ಕವನ್ನು ಹನ್ನೆರಡು ವರ್ಷ ಬರೆದವಳು ಅವ್ವ. ಯೆನ್ನನ್ನು ರೂಪಾಯಿ ಮಾಡುವುದನ್ನು ನಾನೇ ಅಂಗಡಿಗಳಲ್ಲಿ ಅವಳಿಗೆ ಕಲಿಸಿದ್ದೆ.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ, "ಅವರ ಇರಬೇಕಿತ್ತು. ಹೊಳೀ ಸಪ್ಪಳಕ್ಕ ನಿದ್ದಿ ಹತ್ತತಿತ್ತು ಅವರಿಗೆ" ಎಂದಳು. ನಂತರ, "ನನಗೂ ಹತ್ತಿತು. ಹೊಳೀ ಸಪ್ಪಳ ಕೇಳಕೋತ ಅಂಜಿಕಿಲ್ಲದ ಮಲಗಿದ್ದು ಇದ ಮೊದಲ."

ಜುಲೈ ತಿಂಗಳ ಕೊನೆಯಲ್ಲಿ ಅವ್ವ ಮಚ್ಛೆಯಿಂದ ವಿಡಿಯೋ ಕಾಲ್ ಮಾಡಿದಳು. ಹೊರಗೆ ಜೋರು ಮಳೆ, ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಮಾವ ಯಾರದೋ ಹಿತ್ತಲ ಬಿದಿರುಮೆಳೆಯಿಂದ ಕಳಲೆ ತಂದುಕೊಟ್ಟಿದ್ದನಂತೆ. ಫೋನನ್ನು ಪಾತೆಲೆಯ ಕಡೆ ತಿರುಗಿಸಿ ತೋರಿಸಿದಳು, ತಿಳಿ ಹಳದಿಯ ತುಂಡುಗಳು ನೀರಿನಲ್ಲಿ ಮುಳುಗಿದ್ದವು. "ಎಷ್ಟನೇ ನೀರು?" ಎಂದು ಕೇಳಿದೆ. ಮಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ನಾನು ಮೂರು ಬೆರಳು ಎತ್ತಿದೆ. ಅವ್ವ ನಕ್ಕು, ಎರಡು ಬೆರಳು ತೋರಿಸಿದಳು.